ಮರಳಿ ಬಂದ ಡಬ್ಬಿ

ಗುರುವಾರ ಹತ್ತಕ್ಕೆ ಬಾಗಿಲು; ಒಂಬತ್ತೂವರೆಗೇ ಸಾಲು.
ಪೋರ್ಟ್ ಟಾಲ್ಬಟ್, ಹಳೆಯ ಚಾಪೆಲ್ಲಿನ ಹಿಂಬದಿ ಕೋಣೆ.
ಸ್ತೋತ್ರದ ಪುಸ್ತಕಗಳಿದ್ದ ಕಪಾಟಿನಲ್ಲಿ ಈಗ
ಬೀನ್ಸು, ಬಟಾಣಿ, ಟ್ಯೂನಾ, ಹಾಲಿನ ಪುಡಿ.

ನನ್ನದು ತೂಕದ ಕೆಲಸ.
ಮೂವತ್ತೊಂದು ವರ್ಷ ಬಸ್ಸು ತಿರುಗಿಸಿದ ಕೈ
ತಕ್ಕಡಿಯ ಮುಂದೆ ಕೂತು ಬರೆಯುತ್ತದೆ:
ಬಂದದ್ದು ಇಷ್ಟು ಕಿಲೋ, ಹೋದದ್ದು ಇಷ್ಟು.
ಈಚೆಗೆ ಹೋದದ್ದೇ ಹೆಚ್ಚು.
ಕುಲುಮೆ ಆರಿದ ಮೇಲೆ ಊರಿಗೆ
ರಾತ್ರಿಯೆಂದರೆ ಬರೀ ರಾತ್ರಿ, ಕೆಂಪಿಲ್ಲ,
ಕರಗುವ ಕಬ್ಬಿಣದ ವಾಸನೆ ಇಲ್ಲ,
ಸಾಲಿನಲ್ಲಿ ನಿಂತವರ ಹೆಗಲು ಮಾತ್ರ
ಇನ್ನೂ ಪಾಳಿ ಕೆಲಸಕ್ಕೆ ಹೊರಟವರ ಹೆಗಲು.

ಎಲಿನೆಡ್, ನಿವೃತ್ತ ಸೂಲಗಿತ್ತಿ, ಎಪ್ಪತ್ತಾರು.
ಈ ಸಾಲಿನ ಅರ್ಧ ಜನರನ್ನು
ಮೊದಲು ಎತ್ತಿ ಹಿಡಿದವಳು ಅವಳೇ;
ಅವಳೆದುರು ನಾಚಿಕೆ ಯಾರಿಗೂ ಹೆಚ್ಚು ಹೊತ್ತು ನಿಲ್ಲದು.
ಪ್ರತಿ ಡಬ್ಬಿಯ ನೆತ್ತಿಗೆ ಕಪ್ಪು ಶಾಯಿಯಲ್ಲಿ
ಕೆಡುವ ತಿಂಗಳು, ಕೆಡುವ ವರ್ಷ ಬರೆಯುತ್ತಾಳೆ.
ಅವಳ ಏಳು ಬೇರೆಯೇ:
ನಡುವಿಗೆ ಬಿಗಿಯಾಗಿ ಪಟ್ಟಿ ಕಟ್ಟಿಕೊಂಡ ಏಳು.

ಆ ಏಳನ್ನು ಹೊತ್ತ ಪೀಚ್ ಹಣ್ಣಿನ ಡಬ್ಬಿಯೊಂದು
ಮಾರ್ಚಿಯಲ್ಲಿ ಹೋಯಿತು. ಮೇ ತಿಂಗಳಲ್ಲಿ
ಅಂಗಡಿಯ ಬಾಗಿಲಲ್ಲಿಟ್ಟ ದಾನದ ಬುಟ್ಟಿಯಿಂದ ಮರಳಿ ಬಂತು.
ಮತ್ತೆ ಕೊಟ್ಟೆವು. ಜುಲೈಯಲ್ಲಿ ಮತ್ತೆ ಬಂತು,
ಅಂಚಿನಲ್ಲಿ ಹೊಸದೊಂದು ನೆಗ್ಗು.
ನಾಲ್ಕುನೂರ ಎಂಬತ್ತು ಗ್ರಾಂ. ಪ್ರತಿ ಸಲವೂ ಅಷ್ಟೇ.

ನಾನು ಕತೆ ಕಟ್ಟಿದೆ. ಬಸ್ಸಿನವನಲ್ಲವೆ,
ಕನ್ನಡಿಯಲ್ಲಿ ಕಂಡ ಮುಖಗಳಿಗೆಲ್ಲ
ಮನೆ ಕೊಟ್ಟು, ಮಾತು ಕೊಟ್ಟು ಅಭ್ಯಾಸ.
ಹಬ್ಬಕ್ಕೆಂದು ಎತ್ತಿಟ್ಟಿರಬೇಕು, ಅಂದುಕೊಂಡೆ;
ನನಗಿಂತ ಬಡವರಿದ್ದಾರೆ ಎಂದು
ಯಾರೋ ಕಣ್ಣೀರೊರೆಸಿ ಬುಟ್ಟಿಗೆ ಹಾಕಿರಬೇಕು;
ಹಸಿವಿನೂರಿನಲ್ಲಿ ಒಂದು ಸಿಹಿ
ಕೈಯಿಂದ ಕೈಗೆ ತಿರುಗುತ್ತಿದೆ, ಯಾರೂ ಮುಗಿಸದೆ!
ಎಲಿನೆಡ್‌ಗೂ ಹೇಳಿದೆ. ಅವಳು
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

ಸೆಪ್ಟೆಂಬರಿನಲ್ಲಿ ಟಾಲ್‌ಫ್ರಿನ್ ಬಂದ, ಮಗಳ ಜೊತೆ.
ಮಾಬ್ಲಿಗೆ ಒಂಬತ್ತು ವರ್ಷ, ಮುಂದಿನ ಹಲ್ಲು ಅರ್ಧ ಬಂದಿದೆ.
ಚೀಲ ತುಂಬುತ್ತ ನಾನು, ಸ್ವಲ್ಪ ಠೀವಿಯಿಂದಲೇ,
ಆ ಡಬ್ಬಿಯನ್ನು ಮೇಲಿಟ್ಟೆ.
"ಅದು ಬೇಡ," ಅಂದಳು ಮಾಬ್ಲಿ.
"ಅದಕ್ಕೆ ಉಂಗುರ ಇಲ್ಲ.
ಹೋದ ಸಲ ಅಪ್ಪ ಸ್ಕ್ರೂಡ್ರೈವರ್ ಹಾಕಿ
ಹೆಬ್ಬೆರಳು ಕುಯ್ದುಕೊಂಡ. ತೆರೆಯಲೇ ಇಲ್ಲ."
ಟಾಲ್‌ಫ್ರಿನ್ ನೆಲ ನೋಡಿದ.
ನಾನು ತಕ್ಕಡಿ ನೋಡಿದೆ.
ಮುಳ್ಳು ಸೊನ್ನೆಯಲ್ಲಿ ಸುಮ್ಮನಿತ್ತು.

ಆರು ತಿಂಗಳು. ಎಷ್ಟು ಅಡಿಗೆಮನೆಗಳಲ್ಲಿ
ಅದನ್ನು ಮೇಜಿನ ನಡುವೆ ಇಟ್ಟು
ಸುತ್ತ ಕೂತು ನೋಡಿರಬಹುದು,
ಅಲ್ಲಾಡಿಸಿ ಒಳಗಿನ ರಸದ ಸದ್ದು ಕೇಳಿರಬಹುದು.
ತ್ಯಾಗವೆಂದು ನಾನು ಓದಿದ ನೆಗ್ಗು
ಚಾಕುವಿನದು, ಕಲ್ಲಿನದು, ಬಾಗಿಲ ಮೂಲೆಯದು.

ಎಲಿನೆಡ್ ಕೋಟು ಹಾಕಿಕೊಂಡು ಹೊರಟೇಬಿಟ್ಟಳು.
ಮಾರುಕಟ್ಟೆಯಿಂದ ಹತ್ತೊಂಬತ್ತು ಓಪನರ್ ತಂದಳು,
ಅಂಗಡಿಯವನ ಬಳಿ ಇದ್ದದ್ದು ಅಷ್ಟೇ.
ಒಂದರಿಂದ ಅಲ್ಲೇ ಮಾಬ್ಲಿಗೆ ಕಲಿಸಿದಳು:
"ಹಲ್ಲು ಅಂಚಿಗೆ ಕೂತಿತೆ? ಈಗ ಹಿಸುಕು. ತಿರುಗಿಸು.
ಅವಸರ ಬೇಡ, ಬರುವುದು ಬಂದೇ ಬರುತ್ತದೆ."
ಎಷ್ಟು ತಾಯಂದಿರಿಗೆ ಹೇಳಿದ್ದಳೋ ಇದೇ ಮಾತು.

ಡಬ್ಬಿ ಉಸಿರು ಬಿಟ್ಟಿತು.
ಹಳದಿ ಹೋಳು, ಅಂಟಿನ ರಸ;
ಟಾಲ್‌ಫ್ರಿನ್ ನಿಂತೇ ತಿಂದ, ಪ್ಲಾಸ್ಟಿಕ್ ಚಮಚದಲ್ಲಿ,
ನನಗೂ ಒಂದು ಹೋಳು ಬಂತು.
ಬೇಡವೆನ್ನಲು ಬಾಯಿ ತೆರೆದೆ. ತಿಂದೆ.

ಕೊಡುವವರಿಗೆ ನನ್ನದೊಂದೇ ಅರಿಕೆ:
ಡಬ್ಬಿ ಕೊಳ್ಳುವ ಮೊದಲು ಅದರ ನೆತ್ತಿ ತಡವಿ ನೋಡಿ.
ಉಂಗುರವಿದ್ದರೆ ಸರಿ.
ಇಲ್ಲದಿದ್ದರೆ ಇನ್ನೊಂದು ಎತ್ತಿಕೊಳ್ಳಿ.

ಆ ದಿನದ ಲೆಕ್ಕದಲ್ಲಿ ಹೀಗೆ ಬರೆದಿದ್ದೇನೆ:
ಪೀಚ್, ಒಂದು. ಮರಳಿ ಬರುವುದಿಲ್ಲ.
ಓಪನರ್, ಹದಿನೆಂಟು. ತಲಾ ಎಪ್ಪತ್ತು ಗ್ರಾಂ.