ಒಂಬತ್ತನೆಯ ಕಲಮು

ಬೈಕಂಪಾಡಿಯ ಲೇತ್ ಶೆಡ್ಡು, ಭಾನುವಾರ, ಕರೆಂಟಿಲ್ಲ.
ಎಂಜಿನ್ನಿನ ಮೇಲೊಂದು ಹಲಗೆ, ಹಲಗೆಯ ಮೇಲೆ ನೂರು ಪುಟದ ನೋಟ್‌ಬುಕ್ಕು.
ಕಾರುಗಳ ಓಟಕ್ಕೆ ನಿಯಮ ಬರೆಯಬೇಕು; ಬರೆಯುವವಳು ನಾನು,
ಅಕ್ಷರ ಚಂದ ಉಂಟು ಅಂತ.

ಮೊದಲ ಸಾಲಿನಲ್ಲೇ ತಪ್ಪಿದೆ.
‘ಸೈಲೆನ್ಸರ್: ಮುಕ್ತ’ ಎಂದು ಬರೆದೆ.
ಇದಿನಬ್ಬ ನಕ್ಕರು. ‘ಮುಕ್ತ ಅಂದರೆ ಯಾರಿಗೆ ಮಾರಾಯ್ತಿ?
ನನ್ನ ಹುಡುಗ ಗುಜರಿಯ ಪೈಪು ಬೆಸೆದಾನು,
ಕದ್ರಿ ಗುಡ್ಡೆಯವ ಇಟಲಿಯಿಂದ ತರಿಸಿಯಾನು.’
ಹೊಡೆದು ಹಾಕಿದೆ.
ಹೆಂಚು ಸರಿದಲ್ಲಿ ಮಳೆ ಹೇಗೋ
ನಿಯಮ ಸುಮ್ಮನಿದ್ದಲ್ಲಿ ದುಡ್ಡು ಹಾಗೆ.

ಹಾಗಾದರೆ ಎಲ್ಲವೂ ಬೇಡ ಅಂದರೆ?
ಪಿಸ್ಟನ್ನು ಒಂದು ಗ್ರಾಮು ಕೆರೆದದ್ದು ನೋಡಲು
ಎಂಜಿನ್ ಇಡೀ ಬಿಚ್ಚಬೇಕು, ಯಾರಿಗುಂಟು ಪುರುಸೊತ್ತು?
ಅಳೆಯಲಾರದ್ದನ್ನು ನಿಷೇಧಿಸಿದರೆ
ಕದಿಯದವನು ಮಾತ್ರ ಸೋಲುತ್ತಾನೆ.
ನಮ್ಮಲ್ಲಿರುವುದು ಅಪ್ಪನ ವರ್ನಿಯರ್, ದವಡೆ ಸವೆದದ್ದು
(ಎಲ್ಲರಿಗೂ ಒಂದೇ ತಪ್ಪು ತೋರಿಸುತ್ತದೆ, ಸಾಕು),
ಗೇರುಬೀಜದ ಗೋದಾಮಿನ ನಾಲ್ಕು ತೂಕದ ತಟ್ಟೆ,
ಮತ್ತೆ, ಕೋಣದ ಹಲ್ಲು ನೋಡಿ
ಕಿರಿಯ ಹಿರಿಯ ಎಂದು ಬೇರೆ ಮಾಡುವ ಊರಿನ ಕಣ್ಣು.

ಆದ್ದರಿಂದ ಇಷ್ಟೇ:
ಟ್ಯಾಕ್ಸಿಯವರು ಹಾಕುವಂಥ ಟಯರು, ವರ್ಷಕ್ಕೆ ಆರು.
ಗಾಳಿ ನುಂಗುವ ಬಾಯಿಗೆ ಇಪ್ಪತ್ತಾರು ಮಿಲಿಮೀಟರ್ ತೂತಿನ ಬಿಲ್ಲೆ;
ಎಷ್ಟು ಸುರಿದರೂ ಉಸಿರು ಅಷ್ಟೇ.
ಕಾರೂ ಡ್ರೈವರೂ ಸೇರಿ ಏಳುನೂರ ಮೂವತ್ತು ಕಿಲೊ.
ಸಪೂರದ ರೋಹಿತಾಕ್ಷ ಹಳೆ ಬ್ರೇಕ್ ಡ್ರಮ್ಮು ಬೋಲ್ಟ್ ಮಾಡಿಕೊಂಡು ಓಡಲಿ,
ಲಿಗೋರಿ ಬಾಯಿ ಕಟ್ಟಲಿ, ಇಲ್ಲವೇ ಉಂಡು ಸೋಲಲಿ.

ಪಂಜರದ ಪೈಪಿಗೆ ಬಂದಾಗ ಯಾರೂ ಚೌಕಾಸಿ ಮಾಡಲಿಲ್ಲ.
ಸುಧಾಮನ ಕುತ್ತಿಗೆಪಟ್ಟಿ ಇನ್ನೂ ಗೋಡೆಯ ಮೊಳೆಯಲ್ಲಿದೆ.
ಬರೆದೆ: ಹೊಸದೇ, ರಶೀದಿ ಸಮೇತ.

ಒಂಬತ್ತನೆಯದು ನನ್ನದೇ ಕುತಂತ್ರ:
ಗೆದ್ದವನ ಎಂಜಿನ್ನನ್ನು ಸೋತ ಯಾರು ಬೇಕಾದರೂ
ಮೂವತ್ತು ಸಾವಿರ ಕೊಟ್ಟು ಅಲ್ಲೇ ಕೊಳ್ಳಬಹುದು.
ಇಲ್ಲ ಎನ್ನುವ ಹಾಗಿಲ್ಲ.
ಮೂರು ಲಕ್ಷ ಹಾಕುವವನು ಹಾಕಲಿ, ನೋಡುವ.

ಪಣಂಬೂರಿನ ಲಾರಿ ಯಾರ್ಡಿನಲ್ಲಿ ಮೊದಲ ಓಟ.
ಗೆದ್ದದ್ದು ನನ್ನ ತಮ್ಮ.
ಇದಿನಬ್ಬ ಬಂದರು. ಬನಿಯನ್ನಿನೊಳಗಿಂದ ಲಕೋಟೆ ತೆಗೆದು
ಬಾನೆಟ್ಟಿನ ಮೇಲಿಟ್ಟರು. ಕೈ ನಡುಗುತ್ತಿತ್ತು
ಅವರದ್ದು. ನನ್ನದೂ.
ಎಣಿಸಿದೆ. ರಶೀದಿ ಹರಿದು ಕೊಟ್ಟೆ.

ರಾತ್ರಿ ಬಿಚ್ಚಿದರು, ಐದು ತಲೆ, ಒಂದು ಟಾರ್ಚು.
ಒಳಗೆ ಏನೂ ಇಲ್ಲ.
ಅದೇ ಕಂಪೆನಿ ಪಿಸ್ಟನ್ನು, ಅದೇ ಕ್ಯಾಮು.
ವಾಲ್ವಿನ ಅಂಚಿಗೆ ಮಾತ್ರ
ಎಲ್ಲೂ ತುಂಡಾಗದ ಒಂದು ಬೂದು ಉಂಗುರ.
ನಾಲ್ಕು ತಿಂಗಳು ಬೆಳಗಿನ ಜಾವ ಅವನು
ಪೇಸ್ಟು ಹಚ್ಚಿ, ಕೋಲನ್ನು ಅಂಗೈಗಳ ನಡುವೆ ಕಡೆದ ಚರಚರ
ನನ್ನ ನಿದ್ದೆಯಲ್ಲಿ ಈಗಲೂ ಉಂಟು.
ಅದಕ್ಕೆ ನನ್ನ ಪುಸ್ತಕದಲ್ಲಿ ಕಲಮಿಲ್ಲ, ಬೆಲೆಯೂ.

ಮೂರು ದಿನ ಅವನು ಮಾತಾಡಲಿಲ್ಲ.
ಮೂವತ್ತನ್ನು ಮೂವತ್ತೈದು ಮಾಡಿದರೆ ಹೇಗೆ ಎಂದು
ನೋಟ್‌ಬುಕ್ ಬಿಚ್ಚಿ ಕೂತಿದ್ದೆ.
ಅಡುಗೆಮನೆಯಿಂದಲೇ ಕೇಳಿದ,
ಗಂಜಿ ಬಡಿಸಿಕೊಳ್ಳುತ್ತ:
‘ಎಂತ, ತಿದ್ದುದಾ?’

ಪೆನ್ನಿನ ಟೊಪ್ಪಿ ಹಾಕಿದೆ.