ಪಿಗ್ಮಿ ಪುಸ್ತಕ

ನಿತಾಯ್ ಕರ್ಮಕಾರ್ ಮೂರು ದಿನದಿಂದ ಸ್ನಾನ ಮಾಡುತ್ತಿದ್ದಾನೆ.
ಬಾಗಿಲಿಗೆ ಬಂದು ಹೆಂಡತಿ ಹಾಗೇ ಹೇಳುತ್ತಾಳೆ.
ಪರದೆಯ ಕೆಳಗೆ ಅವನ ಒಣ ಪಾದ.
ನಾಲಾಸೋಪಾರದ ಆ ಓಣಿಯಲ್ಲಿ ನಾನು
ಕಾಣದವನಂತೆ ಪುಟ ಮಗುಚುತ್ತೇನೆ:
ನೂರು, ನೂರು, ಐವತ್ತು, ಇಪ್ಪತ್ತು, ಗೆರೆ, ಗೆರೆ, ಗೆರೆ.

ಅವನು ಬಳೆಗೆ ಪಾಲಿಶ್ ಹಾಕುವುದು
ದಾದರಿನ ಢವಳಿಕರರ ಅಂಗಡಿಗೆ.
ಅಲ್ಲೂ ಪಿಗ್ಮಿ ನನ್ನದೇ. ಮೊದಲು ಐನೂರು,
ಈಗ ಮುನ್ನೂರು, ಜೊತೆಗೊಂದು ಕಟಿಂಗ್ ಚಹಾ,
ಮೊದಲಿಗಿಂತ ಬಿಸಿ.
'ನಲವತ್ತು ಪರ್ಸೆಂಟ್ ಬಿತ್ತು ಮಾರಾಯರೆ'
ಎನ್ನುತ್ತಾರೆ, ಎಸಿ ಇನ್ನೊಂದಿಷ್ಟು ತಂಪು ಮಾಡುತ್ತ,
ಬಿದ್ದದ್ದು ಪಕ್ಕದ ಮನೆಯ ಗೋಡೆ ಎಂಬಂತೆ.

ಸಫಾಳೆಯಲ್ಲಿ ಬೆಳಗಿನ ಗಾಡಿಗೆ ಲಾಡ್ಕಿ ಬರುತ್ತಾಳೆ,
ತಲೆಯ ಮೇಲೆ ಕಾಡುಸೊಪ್ಪಿನ ಬುಟ್ಟಿ.
ಸೆರಗಿನ ಗಂಟು ಬಿಚ್ಚಿ ಹತ್ತರ ನಾಣ್ಯ.
ಪೇಟೆ ಹಿಗ್ಗಿದಾಗಲೂ ಹತ್ತು, ಕುಗ್ಗಿದಾಗಲೂ ಹತ್ತು.
'ನೀನೊಬ್ಬಳೇ ಕಡಿಮೆ ಮಾಡಲಿಲ್ಲ ನೋಡು' ಎಂದೆ.
'ಹತ್ತರ ಕೆಳಗೆ ನಿನ್ನ ಪುಸ್ತಕದಲ್ಲಿ ಜಾಗ ಉಂಟಾ?'
ಇಲ್ಲ.
ರಟ್ಟಿನ ಮೇಲೆ ಕೆಂಪಕ್ಷರದಲ್ಲೇ ಅಚ್ಚಾಗಿದೆ.

ಮ್ಯಾನೇಜರ್ ಹೆಜಮಾಡಿಯವರು ಪಟ್ಟಿ ಕೇಳಿದರು:
ನಗರ, ಉಪನಗರ, ಗ್ರಾಮೀಣ.
ಬರೆದು ಕೊಟ್ಟೆ. ಕೊನೆಯ ಕಾಲಂ ನೋಡಿ
'ಇಲ್ಲಿ ಕುಸಿತವೇ ಇಲ್ಲವಲ್ಲ, ಭೇಷ್!' ಎಂದು
ಹಸಿರು ಶಾಯಿಯಲ್ಲಿ ಸುತ್ತು ಹಾಕಿದರು.

ಲಾಡ್ಕಿಯ ಸೊಪ್ಪು ಕೊಳ್ಳುತ್ತಿದ್ದದ್ದು ನಿತಾಯ್‌ನ ಹೆಂಡತಿ,
ಆ ಓಣಿಯ ಇನ್ನೂ ಹತ್ತೆಂಟು ಹೆಂಗಸರು.
ಈಗ ಸಂಜೆ ಬುಟ್ಟಿ ಅರ್ಧ ತುಂಬಿಯೇ ಮರಳುತ್ತದೆ.
ಪಾಡಾದಿಂದ ಸ್ಟೇಷನ್ನಿಗೆ ಟಮ್‌ಟಮ್ ಹತ್ತುವುದು ಬಿಟ್ಟು
ನಡೆಯುತ್ತಾಳೆ, ಹೋಗುವಾಗಲೂ ಬರುವಾಗಲೂ;
ನನ್ನ ಹತ್ತು ಅಲ್ಲಿಂದ ಬರುವುದು.
ಟಮ್‌ಟಮ್ಮಿನವನೂ ನನ್ನ ಖಾತೆಯವನೇ.
ಹೋದ ವಾರ ಮುಚ್ಚಿಸಿದ.
ಇದನ್ನೆಲ್ಲ ಬರೆಯಲು
ಹೆಜಮಾಡಿಯವರ ಹಾಳೆಯಲ್ಲಿ ಅಂಚೂ ಇರಲಿಲ್ಲ.

ನನ್ನ ಕಮಿಷನ್ ನೂರಕ್ಕೆ ಮೂರು.
ಲಾಡ್ಕಿಯ ಹತ್ತಕ್ಕೆ ಮೂವತ್ತು ಪೈಸೆ,
ಯಾವ ಅಂಗಡಿಯೂ ಮುಟ್ಟದ ಮೊತ್ತ.
ಹೆಂಡತಿ ಕೇಳುತ್ತಾಳೆ, ಗಾಡಿಖರ್ಚಾದರೂ ಗಿಟ್ಟುತ್ತದೆಯೇ ಎಂದು.
ಸ್ನಾನಕ್ಕೆ ಹೊರಡುತ್ತೇನೆ.

ಗಾಡಿ ವೈತರಣಾ ಸೇತುವೆಗೆ ಬಂದಾಗ
ಜನ ಕೈಮುಗಿದು ನದಿಗೆ ಕಾಸು ಎಸೆಯುತ್ತಾರೆ.
ದಾಟಿಸಲು ಹಸುವಿನ ಬಾಲ ಬೇಕಂತೆ ಸತ್ತವರಿಗೆ;
ನಾನು ಹಿಡಿದದ್ದು ಬಾಗಿಲ ಕಂಬಿ,
ಲಾಡ್ಕಿ ಹಿಡಿದದ್ದು ಬುಟ್ಟಿಯ ಅಂಚು.
ಯಾರೋ ಎಸೆದದ್ದು ಸೇತುವೆಯ ಉಕ್ಕಿಗೆ ತಾಗಿ
ಠಣ್ಣೆಂದು ಡಬ್ಬಿಯೊಳಗೇ ಹಾರಿ ಬಿತ್ತು.
ಅವಳು ಪಾದ ಸರಿಸಿ ಅದರ ಮೇಲಿಟ್ಟಳು.
ನಾನು ಪುಟ ಮಗುಚಿದೆ.