ಸೆರಗಿಲ್ಲದ ಹತ್ತು ಮೊಳ

ಕೊಪ್ಪಳದಾಗ ರೈಲು ಹಳಿ ದಾಟಿದರ ಭಾಗ್ಯನಗರ.
ಒಂದು ಓಣ್ಯಾಗ ಮಗ್ಗ, ಇನ್ನೊಂದು ಓಣ್ಯಾಗ ಕೂದಲ.
ನಾನು ಕೂದಲದ ಓಣಿಯಾಕಿ.
ಯಾರದೋ ಹರಕಿ, ಯಾರದೋ ಬಾಚಣಿಕಿಯ ಉಂಡಿ,
ಸಿಕ್ಕು ಬಿಡಿಸಿ, ಹಿಕ್ಕಿ, ಉದ್ದ ನೋಡಿ ಕಟ್ಟು ಕಟ್ಟಾಕಿ.
ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತು
ಯಾವ ಎಳಿ ತಾಳತೈತಿ, ಯಾವುದು ಹರಿತೈತಿ.

ಐದು ತಿಂಗಳ ಕೂಸು. ನೆಲಕ್ಕ ಬಿಟ್ಟರ
ಹಾರೂ ಕೂದಲೆಲ್ಲಾ ಅದರ ಬಾಯಾಗ.
ಒಮ್ಮೆ ನಾಲಿಗಿ ಮ್ಯಾಲಿಂದ ಒಂದು ಎಳಿ ಎಳದೆ,
ಎಳೀತನ ಇದ್ದೆ,
ಯಾವ ಊರ ಹೆಣಮಗಳ ಜಡಿಯೋ, ಮುಗೀಲೇ ಇಲ್ಲ.
ಅವತ್ತ ಅಂದಕೊಂಡೆ,
ಇಕಿ ಇರಬೇಕಾದ್ದು ನನ್ನ ಬೆನ್ನ ಮ್ಯಾಲೆ.

ಮೊದಲ ತೆಗದದ್ದು ಮದುವಿ ಸೀರಿ. ರೇಷ್ಮಿ. ಗಂಟು ಹಾಕಿದರ
ಕೈಗಡ ಇಸಗೊಂಡವನ ಮಾತಿನಂಗ ಜಾರತಿತ್ತು.
ಗಂಡನ ಲುಂಗಿ ಗಿಡ್ಡ.
ಪಾಲಿಸ್ಟರ್ ಸೀರ್ಯಾಗ ಒಂದ ಮಧ್ಯಾಹ್ನ,
ಕೂಸಿನ ಎದಿ ತುಂಬ ಬೆವರುಸಾಲಿ.
ಅತ್ತಿ ಹುಲಿಗೆವ್ವ ತನ್ನ ಹಳೇ ಸೀರಿ ಕೊಟ್ಟಳು,
ಮೆತ್ತಗ, ನೀರಿನಂಗ.
ಬೆಳಕಿಗೆ ಹಿಡದೆ. ನಡುವ ಎಳಿ ಸರದು
ಎದುರಿನ ಕಿಟಕಿ ಸರಳು ಎಣಿಸಬಹುದಿತ್ತು.
"ಇದರಾಗ ನಿನ್ನ ಗಂಡನ್ನ ಹೊತ್ತೀನಿ," ಅಂದಳು.
"ಅದಕ್ಕ ಸವದೈತಿ ಅತ್ತಿ."
ನಕ್ಕಳು. ಮತ್ತ ಮಡಚಿ ಟ್ರಂಕಿಗೆ ಇಟ್ಟಳು.

ಸಕ್ರಪ್ಪನ ಕುಣಿಮಗ್ಗದ ಮುಂದ ಕುಂತೆ.
"ಸೆರಗು ಎಂಥಾದ್ದವ್ವಾ?"
"ಸೆರಗು ಬ್ಯಾಡ."
"ಜರಿ?"
"ಕೂಸು ನೆಕ್ಕತೈತಿ."
"ಸೆರಗಿಲ್ಲದ ಸೀರಿ ಅಂದ್ರ ಹೆಸರಿಡದ ಕೂಸು."
"ಸೀರಿ ಅಲ್ಲ ಕಾಕಾ. ಹತ್ತು ಮೊಳ, ಬರೇ ಹತ್ತಿ.
ಉದ್ದಕ್ಕ ಎಳದರ ಜಗ್ಗಬಾರದು,
ಮೂಲಿಗೆ ಎಳದರ ಚೂರು ಒಪ್ಪಬೇಕು."
ಲಾಳಿ ನಿಂತಿತು. ಮೂವತ್ತು ವರ್ಷದಾಗ
ಅವನ ಬಟ್ಟಿನ ಮೂಲಿಗೆ ಎಳದು ನೋಡಿದವರು ಇರಲಿಲ್ಲ.
"ಎಷ್ಟು ಭಾರ?"
"ಇವತ್ತ ಆರು ಕಿಲೋ. ನಾಳಿದು ಗೊತ್ತಿಲ್ಲ."
ಹಾಸಿಗೆ ಎರಡೆಳಿ ಕೂಡಿಸಿದ, ಹೊಕ್ಕನ್ನ ಬಿಗಿಯಾಗಿ ಬಡದ.
ಬಣ್ಣ ಮಾತ್ರ ಅವನ ಹಟ:
ಒಂದು ಅಂಚು ಕೆಂಪು, ಇನ್ನೊಂದು ಹಸಿರು.
"ಬೆನ್ನ ಹಿಂದ ಹೋಗಿ ತಿರುವಿ ಬಂದದ್ದು
ಮ್ಯಾಲಿನದೋ ಕೆಳಗಿಂದೋ, ಕಣ್ಣಿಗೆ ತಿಳೀಬೇಕಲ್ಲ."
ಒಂದ ದಿನಾನೂ ಕೂಸು ಹೊರದವಗ
ಹೆಂಗ ಗೊತ್ತಾತು ಇದು?

ಹೊಸಾದು ಹಲಗಿಯಂಗ ಸೆಟದಿತ್ತು, ಗಂಜಿಯ ಸೊಕ್ಕು.
ನಾಕು ಸಲ ಒಗದೆ.
ಮೂರು ರಾತ್ರಿ ಗಂಡನ್ನ ಅದರ ಮ್ಯಾಲೆ ಮಲಗಿಸಿದೆ,
ಹೊಳ್ಳ್ಯಾಡತಾನ, ಒಂದು ಉಪಯೋಗಾತು.
ಬೆನ್ನಿಗೆ ಮೊದಲ ಕಟ್ಟಿದ್ದು ಕೂಸಲ್ಲ,
ಆರು ಕಿಲೋ ಬಿಳಿಜೋಳದ ಚೀಲ.
ಬಗ್ಗು. ಏರಿಸು. ಎರಡೂ ಹೆಗಲ ಮ್ಯಾಲಿಂದ ತುದಿ ತಾ.
ಎಳಿ. ಒಂದೊಂದ ಮಡಿ ಹುಡುಕಿ ಮತ್ತ ಎಳಿ.
ಈ ಮೊಣಕಾಲಿಂದ ಆ ಮೊಣಕಾಲಿಗೆ ತೊಟ್ಟಿಲದಂಗ ತಗ್ಗು ಮಾಡು.
ಜೋಳಕ್ಕ ಮೊಣಕಾಲು ಎಲ್ಲಿಂದ ತರಲಿ?
ಅಂಗಳ ತುಂಬ ಸುರೀತು. ಓಣಿ ಕೋಳಿಗೆಲ್ಲ ಹಬ್ಬ.
"ಪುಣ್ಯಾಕ್ಕ ಜೋಳ," ಅಂದಳು ಹುಲಿಗೆವ್ವ,
ಮೊರ ತಂದು ಕುಕ್ಕರಗಾಲಿಲೆ ಕುಂತಳು.

ಎಂಟನೇ ದಿನ ಕೂಸು.
ಹಿಂದ ಅತ್ತಿಯ ಎರಡು ಕೈ, ಮುಟ್ಟಲಾರದ, ಸರೀಲಾರದ.
ಅಳು. ಮತ್ತ ಅಳು.
ಆಮ್ಯಾಲೆ ಕಿವಿ ಹಿಂದ ಬಿಸಿ ಉಸಿರು,
ಭಾರ ಒಂದ ಸಲಕ್ಕ ದುಪ್ಪಟ್ಟಾತು.
ನಿದ್ದಿ ಹತ್ತಿತ್ತು.

ಈಗ ಒಂಬತ್ತು ಕಿಲೋ.
ಸಂತಿಗೆ ಹೋಗೂವಾಗ ಸಕ್ರಪ್ಪ ನಿಲ್ಲಸತಾನ,
ಕೂಸಿನ ಗಲ್ಲ ಹಿಂಡೂದು ಬಿಟ್ಟು
ಮೂಲಿ ಎಳದು ನೋಡತಾನ.
ಬಟ್ಟಿ ಮೆತ್ತಗಾಗೇತಿ,
ಅತ್ತಿ ಸೀರಿಯಷ್ಟ ಅಲ್ಲ, ಇನ್ನೂ.

ಶೆಡ್ಡಿನ್ಯಾಗ ಇಕಿಗೆ ಎಚ್ಚರಾದರ
ಎರಡೂ ಮುಷ್ಟ್ಯಾಗ ನನ್ನ ತುರುಬು ಹಿಡಕೊಂಡು ಎಳೀತಾಳ.
ಸುತ್ತ ಗುಡ್ಡೆಗಟ್ಟಲೆ ಕೂದಲ,
ಎಳದರ ನೋಯೂದು ಇದೊಂದ.